ನೋಯದ ಸೊಂಟ

"ನೋವಾದರೆ ನಿಲ್ಲಿಸಿಬಿಡಿ" ಅನ್ನುವುದು ನಾನು ದಿನಕ್ಕೆ ಐವತ್ತು ಸಲ ಹೇಳುವ ಮಾತು. ಮಂಡ್ಯದ ಆಸ್ಪತ್ರೆಯೊಂದರಲ್ಲಿ, ಆಪರೇಷನ್ ಆದವರನ್ನು ಎಬ್ಬಿಸಿ ನಡೆಸುವ ಫಿಸಿಯೋಥೆರಪಿ ಕೆಲಸ ನನ್ನದು. ಬಸರಾಳಿನ ಕಡೆಯ ನಿಂಗಮ್ಮನನ್ನು ಮನೆಗೆ ಕಳಿಸುವಾಗಲೂ, "ಬಗ್ಗುವಾಗ ಹುಷಾರು, ನೋವಾದರೆ ನಿಲ್ಲಿಸಿಬಿಡಿ" ಅಂದೆ.

ಬೆನ್ನುಹುರಿಯ ಕಾಯಿಲೆಯಿಂದ ಆಕೆಯ ಎಡಗಾಲಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ನಡೆದೂ ನಡೆದೂ ಆ ಕಡೆಯ ಸೊಂಟದ ಕೀಲು ಪುಡಿಯಾಗಿತ್ತು. ಇಂಥವರಿಗೆ ಹೊಸ ಕೀಲು ಹಾಕಿದರೂ ಬೇಗ ಜಾರುತ್ತದೆಂದು ಡಾಕ್ಟರು ಹಿಂದೆಮುಂದೆ ನೋಡಿಯೇ ಹಾಕಿದ್ದರು.

ಮೂರೇ ವಾರಕ್ಕೆ ನಿಂಗಮ್ಮ ಆಟೋದಲ್ಲಿ ವಾಪಸ್ಸು ಬಂದರು. ಕೀಲು ಜಾರಿ ಕಾಲು ಗಿಡ್ಡವಾಗಿತ್ತು. ನೆಲದ ಮೇಲೆ ಕೂತು, ಪಾತ್ರೆ ಅಲುಗದಂತೆ ಹಿಡಿಯುವ ಕವೆಗೋಲನ್ನು ಎರಡೂ ಪಾದಗಳಲ್ಲಿ ಒತ್ತಿಹಿಡಿದು, ಬಗ್ಗಿ ಮುದ್ದೆ ತೊಳಸಿದ್ದರಂತೆ.

"ಅಷ್ಟೊಂದು ಬಗ್ಗೋದೇನಮ್ಮ?" ಎಂದು ರೇಗಿದೆ.

"ನೋವಾದ್ರೆ ನಿಲ್ಸು ಅಂತ ನೀನೇ ಅಲ್ವೇನಪ್ಪ ಯೋಳಿದ್ದು? ನೋಯ್ಲೇ ಇಲ್ಲ. ಅದ್ಕೇ ಪೂರಾ ತೊಳಸ್ದೆ ಕಣಪ್ಪ."

ಅಷ್ಟರಲ್ಲಿ ಡಾಕ್ಟರು ಬಂದರು. ನನ್ನ ಕಡೆ ಕೈ ತೋರಿಸಿ, "ನೆಲದಲ್ಲಿ ಕೂತು ಬಗ್ಗಬಾರದು ಅಂತ ಇವರು ಹೇಳಲಿಲ್ವಾ?" ಎಂದು ಕೇಳಿದರು.

ನಿಂಗಮ್ಮ ನನ್ನ ಮುಖ ನೋಡಿದರು. "ಯೋಳಿದ್ರು ಸಾ. ನಾನೇ ಮರ್ತುಬುಟ್ಟೆ."

ನಾನು ಫೈಲು ತಿರುವುತ್ತ ನಿಂತೆ. ಆ ಕಾಲಿಗೆ ನೋವು ತಿಳಿಯುವುದಿಲ್ಲ ಎಂದು ಅದರಲ್ಲಿ ಬರೆದಿದ್ದ ಅಕ್ಷರ ನನ್ನದೇ.

ಡಾಕ್ಟರು ಅತ್ತ ಹೋದ ಮೇಲೆ ಆಕೆಯೇ ನನಗೆ ಸಮಾಧಾನ ಹೇಳಿದರು: "ಓಗ್ಲಿ ಬುಡಪ್ಪ. ಮುದ್ದೆ ಮಾತ್ರ ಒಂದು ಗಂಟೂ ಇಲ್ದಂಗೆ ಬಂದಿತ್ತು."