ಹೀಗೆ ಅಂದ್ರೆ ಹೇಗೆ?

ಅರ್ಥಶಾಸ್ತ್ರದ ಮೇಡಂ ಮಾತಿಗೆ ನಿಂತರೆ ಅರಳು ಹುರಿದ ಹಾಗೆ. ಚಾಕ್‌ಪೀಸು ಕೈಗೆ ಬಂದರಂತೂ ಕೇಳುವುದೇ ಬೇಡ. "ಬೆಲೆ ಹೀಗೆ ಏರ್ತು ಅಂದ್ರೆ ಬೇಡಿಕೆ ಹಾಗೆ ಇಳೀತು. ಇದು ಇಲ್ಲಿಂದ ಅಲ್ಲಿಗೆ ಬಂತು. ನೋಡಿದ್ರಾ?" ಎಂದು ಬೋರ್ಡಿನ ಮೇಲೆ ಸರ್ರನೆ ಗೆರೆ ಎಳೆದು, ಕೈ ಕೊಡವಿಕೊಂಡು ಮಕ್ಕಳತ್ತ ತಿರುಗುವರು. ಮಕ್ಕಳು ತಲೆಯಾಡಿಸುವರು. ಕಾಲೇಜಿನ ತುಂಬ ಅವರ ಹೆಸರೇ 'ಹೀಗೆ-ಹಾಗೆ ಮೇಡಂ'. ಅದು ಅವರ ಕಿವಿಗೂ ಬಿದ್ದಿತ್ತು. ಪ್ರೀತಿಗೆ ಇಟ್ಟಿದ್ದಾರೆ ಅಂದುಕೊಂಡು ಒಳಗೊಳಗೇ ಉಬ್ಬಿದ್ದರು. ಪಾಠ ಹೇಳುವವರ ಜಾಯಮಾನವೇ ಅಂಥದ್ದು. ಎದುರಿಗಿದ್ದವರು ತಲೆಯಾಡಿಸಿದರೆ ಸಾಕು, ತಲೆಯೊಳಕ್ಕೂ ಇಳಿಯಿತು ಅಂತಲೇ ಲೆಕ್ಕ.

ಆ ವರ್ಷ ಮೊದಲ ಬೆಂಚಿನಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಯೊಬ್ಬಳು ಬಂದು ಕೂತಳು. ಪಾಠ ಶುರುವಾಗಿ ಇನ್ನೂ ವಾರ ತುಂಬಿರಲಿಲ್ಲ. ಮೇಡಂ ಅಂದಿನ ಗೆರೆ ಎಳೆದು ಮುಗಿಸುವಷ್ಟರಲ್ಲಿ ಅವಳು ಕೈ ಎತ್ತಿದಳು.

"ಮೇಡಂ, ಹೀಗೆ ಅಂದ್ರೆ ಹೇಗೆ?"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಯಾರೋ ಅಣಕಿಸುತ್ತಿದ್ದಾರೆಂದು ಮೇಡಂ ಹುಬ್ಬು ಗಂಟಿಕ್ಕಿ ತಿರುಗಿದವರು, ಕೇಳಿದವಳು ಯಾರೆಂದು ಕಂಡು ನಾಲಿಗೆ ಕಚ್ಚಿಕೊಂಡರು. "ಹೀಗೆ ಅಂದ್ರೆ... ಹೀಗೇ ಕಣಮ್ಮ" ಎಂದು ಗಾಳಿಯಲ್ಲಿ ಕೈ ಬೀಸಿದರು. ಬೀಸಿದ ಕೈ ಅಲ್ಲೇ ನಿಂತಿತು. ಸದ್ಯ, ಗಂಟೆ ಹೊಡೆದು ಮಾನ ಉಳಿಸಿತು.

ಕಾರಿಡಾರಿನಲ್ಲಿ ಹುಡುಗಿ ಕಾದಿದ್ದಳು. "ಬೇಜಾರು ಮಾಡ್ಕೋಬೇಡಿ ಮೇಡಂ. ಶನಿವಾರದವರೆಗೂ ವಿಷಯ ಬದಲಾಯಿಸ್ಕೋಬಹುದಂತೆ. ಇತಿಹಾಸ ತಗೋ, ಕೇಳಿಸ್ಕೊಂಡು ಕೂತ್ರೆ ಆಯ್ತು ಅಂತ ಎಲ್ಲಾರೂ ಹೇಳ್ತಿದಾರೆ."

"ನಿಂಗೇನಮ್ಮ ಇಷ್ಟ?"

"ಇದೇ ಇಷ್ಟ. ನಮ್ಮಪ್ಪಂದು ತರಕಾರಿ ಅಂಗಡಿ. ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು. ಯಾಕೆ ಅಂತ ಚಿಕ್ಕೋಳಿದ್ದಾಗಿಂದ ಕೇಳ್ತಾನೇ ಇದೀನಿ. ಆದ್ರೆ ಮೇಡಂ, ನೀವು ಗೆರೆ ಎಳೆಯೋವಾಗ ನಿಮ್ಮ ದನಿ ಗೋಡೆ ಕಡೆ ಹೊರಟುಹೋಗುತ್ತೆ."

ದೂರುವ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು ಅಷ್ಟೇ. ಆ ಮಧ್ಯಾಹ್ನ ಊಟದ ಹೊತ್ತಿನಲ್ಲೂ ಮೇಡಂಗೆ ಅದೇ ಯೋಚನೆ. ಇಷ್ಟಪಟ್ಟು ಬಂದ ಹುಡುಗಿ ತಮ್ಮ ನಾಲಿಗೆಯ ದೆಸೆಯಿಂದ ಎದ್ದು ಹೋಗುವುದೇ?

ಸಂಜೆ ಮನೆಯಲ್ಲಿ ಅವರ ಯಜಮಾನರು ಪೇಪರ್ ಹರಡಿಕೊಂಡು ಕೂತಿದ್ದರು. ಮರಗೆಲಸದ ಅಂಗಡಿ ನಡೆಸುವವರು, ಕಿವಿಯ ಮೇಲಿನ ಪೆನ್ಸಿಲ್ ಮನೆಗೆ ಬಂದರೂ ಇಳಿಯದು.

"ರೀ, ಪೇಪರ್ ಮಡಚಿ, ಪೆನ್ಸಿಲ್ ತಗೊಂಡು ಕಣ್ಣು ಮುಚ್ಕೊಳ್ಳಿ."

"ಯಾಕೆ, ಏನಾದ್ರೂ ಕೊಡ್ತೀಯಾ?"

"ಪಾಠ ಕೊಡ್ತೀನಿ."

"ಅಯ್ಯೋ ದೇವ್ರೇ!"

ಹೆಂಡತಿ ಬಾಯಲ್ಲಿ ಹೇಳಿದ ಗೆರೆಯನ್ನು ಗಂಡ ಕಣ್ಣು ಮುಚ್ಚಿಕೊಂಡೇ ಹಾಳೆಯ ಮೇಲೆ ಎಳೆದರು. ಮೇಡಂ ಹಾಳೆ ಎತ್ತಿ ನೋಡಿದರು. "ಇದೇನ್ರೀ ಇದು? ಆಡು ಮಲಗಿದ ಹಾಗಿದೆ!"

"ನಾನೇನು ಮಾಡ್ಲಿ ಮಾರಾಯ್ತಿ? ನೀನು ಹೀಗೆ ಅಂದೆ, ನಾನು ಹೀಗೆ ಎಳೆದೆ. ನನ್ನ ಅಂಗಡೀಲಿ ಹೀಗೆ-ಹಾಗೆ ಅಂತಿದ್ರೆ, ಬಾಗಿಲು ಕೇಳಿದವರ ಮನೆಗೆ ಮಂಚ ಹೋಗ್ತಿತ್ತು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ಮೇಡಂಗೆ ಏನೋ ಹೊಳೆಯಿತು. "ಹಾಗಾದ್ರೆ ಇಷ್ಟು ವರ್ಷ ತಲೆಯಾಡಿಸಿದವರೆಲ್ಲ..."

ಗಂಡ ಒಂದು ಕಣ್ಣು ತೆರೆದರು. "ಅದೆಲ್ಲ ಆಮೇಲೆ. ಮೊದ್ಲು ಈ ಆಡನ್ನ ಎಬ್ಬಿಸು."

ಅಂದಿನಿಂದ ಸಂಜೆಯಾದರೆ ಅದೇ ಕೆಲಸ. 'ಹೀಗೆ' ಎಂಬ ಮಾತು ಬಾಯಿಂದ ಜಾರಿದರೆ ಗಂಡ ಪೆನ್ಸಿಲಿನಿಂದ ಮೇಜು ಕುಟ್ಟುವರು. ಮೊದಮೊದಲು ಬಡಗಿ ಅಂಗಡಿಯೇ ಮನೆಗೆ ಬಂದಂತಿತ್ತು. ಶುಕ್ರವಾರದ ಹೊತ್ತಿಗೆ ಸದ್ದು ಅಡಗಿ, ಹಾಳೆಯ ಮೇಲೆ ಗೆರೆ ಗೆರೆಯಂತೆ ಮೂಡಿತ್ತು.

ಶನಿವಾರ ಮೇಡಂ ಚಾಕ್‌ಪೀಸು ಮುಟ್ಟಲಿಲ್ಲ. ಮೇಜಿಗೆ ಬೆನ್ನು ಕೊಟ್ಟು ಮಕ್ಕಳಿಗೆ ಎದುರಾಗಿ ನಿಂತರು.

"ಮಕ್ಕಳಾಡೋ ಜಾರುಬಂಡೆ ನೆನಪು ಮಾಡ್ಕೊಳ್ಳಿ. ಎಡಗಡೆ ಎತ್ತರ, ಬಲಗಡೆ ತಗ್ಗು. ಎತ್ತರ ಅನ್ನೋದು ಬೆಲೆ. ಎಡದಿಂದ ಬಲಕ್ಕೆ ಎಷ್ಟು ದೂರ ಸರಿದ್ವಿ ಅನ್ನೋದೇ ಜನ ಎಷ್ಟು ಕೊಂಡ್ರು ಅನ್ನೋ ಲೆಕ್ಕ. ಟೊಮೆಟೊ ರೇಟು ಮೇಲಿದ್ದಾಗ ನಾವು ಎಡಕ್ಕೇ ಅಂಟ್ಕೊಂಡಿರ್ತೀವಿ, ಒಂದೋ ಎರಡೋ ಕೊಳ್ತೀವಿ. ರೇಟು ಇಳೀತಾ ಬಂದ ಹಾಗೆ ಬಲಕ್ಕೆ ಜಾರ್ತಾ ಹೋಗ್ತೀವಿ, ಚೀಲ ತುಂಬ್ತಾ ಬರುತ್ತೆ."

ಹುಡುಗಿಯ ಬೆರಳು ಬೆಂಚಿನ ಮೇಲೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓರೆಯಾಗಿ ಇಳಿಯಿತು. ಮೇಡಂ ಬಗ್ಗಿ ನೋಡಿದರು. ಗೆರೆ ಸರಿಯಾಗಿತ್ತು. ಬೆರಳು ಕೊನೆಯಲ್ಲಿ ತಡೆದು ನಿಂತಿತು.

"ಮೇಡಂ, ಜಾರಿ ಜಾರಿ ನೆಲ ಮುಟ್ಟಿದ್ರೆ? ಅಂದ್ರೆ ಪುಕ್ಕಟೆ ಅಲ್ವಾ? ಆಗ ಜನ ಎಷ್ಟು ಹೊತ್ಕೊಂಡು ಹೋಗ್ತಾರೆ?"

ಇಷ್ಟು ವರ್ಷಗಳಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಹಿಂದಿನ ಬೆಂಚಿನ ಮಾತಿನಮಲ್ಲಿ "ಅಂಗಡೀನೇ ಹೊತ್ಕೊಂಡು ಹೋಗ್ತಾರೆ!" ಎಂದು ಕೂಗಿದಳು. "ತಿನ್ನೋಕೆ ನಿಂಗೆಷ್ಟು ಹೊಟ್ಟೆ ಇದೆ? ಕೊಳೆತು ನಾರುತ್ತೆ" ಎಂದು ಇನ್ನೊಬ್ಬಳು. ಕ್ಲಾಸು ಸಂತೆಯಾಯಿತು. ಗಂಟೆ ಹೊಡೆದರೂ ಯಾರೂ ಏಳಲೊಲ್ಲರು. ಹೋಗುವಾಗ ಮಾತಿನಮಲ್ಲಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನಂಗೂ ಇವತ್ತೇ ಅರ್ಥ ಆಗಿದ್ದು. ಇಷ್ಟು ದಿನ ಸುಮ್ನೆ ತಲೆಯಾಡಿಸ್ತಿದ್ದೆ."

ಕ್ಲಾಸು ಖಾಲಿಯಾಯಿತು. ಹುಡುಗಿ ಮಡಚಿಟ್ಟ ಕೋಲು ಬಿಡಿಸುತ್ತಿದ್ದಳು. ಮೇಡಂ ಹತ್ತಿರ ಬಂದು ಕೇಳಿದರು. "ಇತಿಹಾಸದ ಕ್ಲಾಸಿಗೆ ಯಾವತ್ತಿಂದ ಹೋಗ್ತೀಯಮ್ಮ?"

"ಹೋಗಲ್ಲ ಮೇಡಂ. ಇವತ್ತು ನಿಮ್ಮ ದನಿ ಪೂರ್ತಿ ನನ್ನ ಕಡೆನೇ ಇತ್ತು."

ಮೇಡಂ ಕಣ್ಣು ತುಂಬಿಬಂತು. "ನಿನ್ನಿಂದ ದೊಡ್ಡ ಉಪಕಾರ ಆಯ್ತು ಕಣೇ. ನೀನು ಕೇಳದೆ ಹೋಗಿದ್ರೆ ನಾನು ಗೋಡೆಗೇ ಪಾಠ ಹೇಳ್ಕೊಂಡು ಮನೆಗೆ ಹೋಗಿಬಿಡ್ತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ನಡಿ, ಹೊತ್ತಾಯ್ತು. ಹೀಗೆ ಬಾ."

ಹುಡುಗಿ ನಿಂತಲ್ಲೇ ನಿಂತು ನಕ್ಕಳು. "ಹೀಗೆ ಅಂದ್ರೆ ಹೇಗೆ ಮೇಡಂ?"

ಮೇಡಂ ನಾಲಿಗೆ ಕಚ್ಚಿಕೊಂಡು, ತಾವೂ ನಕ್ಕರು. "ಬೆಂಚು ಮುಗಿಯೋವರೆಗೂ ನೇರಕ್ಕೆ. ಆಮೇಲೆ ಎಡಕ್ಕೆ ಬಾಗಿಲು. ನಾನು ನಿನ್ನ ಬಲಗಡೆನೇ ಇದೀನಿ."