ತೂತು ಬಿದ್ದ ಡ್ರಮ್ಮು

ಮುಳಬಾಗಿಲಿನಲ್ಲಿ ಟ್ರಂಕು ರಿಪೇರಿ ಮಾಡುವ ಯಜಮಾನರೊಬ್ಬರಿದ್ದರು. ಯಾರು ಕೊಡ ತಂದರೂ ಟ್ರಂಕು ತಂದರೂ ಮೊದಲು ಬೆರಳಿನಿಂದ ತಟ್ಟಿ, ಕಿವಿಯಿಟ್ಟು, "ಇರಿ, ಅದನ್ನೇ ಕೇಳಾಣ" ಎನ್ನುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಆರ್ಕೆಸ್ಟ್ರಾಗೆ ಡ್ರಮ್‌ಸೆಟ್ ಇರಲಿಲ್ಲ. ಮದುವೆ ಬ್ಯಾಂಡಿನವರು ಮೂಲೆಗೆಸೆದಿದ್ದ ಮೂರು ಹಳೆಯ ತಗಡಿನ ಡ್ರಮ್ಮುಗಳನ್ನು ಈ ಯಜಮಾನರ ಮುಂದಿಟ್ಟೆವು. ಅವರು ತುಕ್ಕು ಉಜ್ಜಿ, ನೆಗ್ಗು ತೆಗೆದು, ದೊಡ್ಡದನ್ನು ಅರ್ಧಕ್ಕೆ ಕತ್ತರಿಸಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಹಿಡಿಸುವಂಥ ಪುಟ್ಟ ಸೆಟ್ಟು ಮಾಡಿದರು. ಹರಿದ ಚರ್ಮ ತೆಗೆದು ಎರಡೂ ಮಗ್ಗುಲಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರು.

ಶ್ರೀನಿವಾಸಪುರದ ಮದುವೆಯೊಂದರಲ್ಲಿ ಮೊದಲ ಕಾರ್ಯಕ್ರಮ. ಅವರೂ ಜೊತೆಗೆ ಬಂದಿದ್ದರು. ಊರಲ್ಲಿ ತಮಟೆ ಕಾಯಿಸಿ ಅಭ್ಯಾಸವಾಗಿದ್ದ ನಾನು, ನಾದ ಏರಲೆಂದು ಹುಲ್ಲಿಗೆ ಬೆಂಕಿ ಹಚ್ಚಿ ದೊಡ್ಡ ಡ್ರಮ್ಮನ್ನು ಅದರ ಮೇಲೆ ಹಿಡಿದೆ. ಪ್ಲಾಸ್ಟಿಕ್ ಮುದುಡಿ, ಅಂಗೈಯಗಲ ತೂತು ಬಿತ್ತು. ವೇದಿಕೆಯಿಂದ ನಮ್ಮನ್ನು ಕೂಗುತ್ತಿದ್ದರು.

ಯಜಮಾನರು ಬೈಯಲಿಲ್ಲ. "ಇರಪ್ಪ, ಅದನ್ನೇ ಕೇಳಾಣ" ಎಂದು ಇನ್ನೊಂದು ಮಗ್ಗುಲನ್ನು ತಟ್ಟಿದರು. ಧಂ ಎಂದಿತು.

"ತಿರುಗಿಸಿ ಇಕ್ಕು. ತೂತು ಜನಗಳ ಕಡೆಗಿರ್ಲಿ."

ಹಾಗೇ ತಿರುಗಿಸಿಟ್ಟು ಬಾರಿಸಿದೆ. ಆ ಸಂಜೆ ಡ್ರಮ್ಮು ಮೊದಲಿಗಿಂತ ಚೆನ್ನಾಗಿಯೇ ನುಡಿಯಿತು.

ವಾರದೊಳಗೆ, ಆ ಮದುವೆಯಲ್ಲಿ ನಮ್ಮ ಡ್ರಮ್ಮು ಕೇಳಿದ್ದ ಕೋಲಾರದ ಇನ್ನೊಂದು ಆರ್ಕೆಸ್ಟ್ರಾದವನು ಹೊಚ್ಚ ಹೊಸ ಡ್ರಮ್ಮು ಹೊತ್ತು ಅವರ ಅಂಗಡಿಗೆ ಬಂದ. ನಾನೂ ಅಲ್ಲೇ ಕೂತಿದ್ದೆ.

"ಯಜಮಾನ್ರೇ, ನಮ್ದುಕ್ಕೂ ಅಂಥದ್ದೇ ತೂತು ಹಾಕ್ಕೊಡಿ."

ಅವರು ನನ್ನ ಕಡೆ ನೋಡಲೇ ಇಲ್ಲ. ಡ್ರಮ್ಮನ್ನು ತಟ್ಟಿ, ಕಿವಿಯಿಟ್ಟು, ಬಹಳ ಹೊತ್ತು ಕೇಳಿಸಿಕೊಂಡು ಹೇಳಿದರು:

"ಬ್ಯಾಡ ಅಂತೈತೆ ಕಣಪ್ಪ."