ಅಂಜಮ್ಮನ ಸಾಣೆಕಲ್ಲು

ಕತ್ತಿ ಜಾರಿದರೆ? ಮಗ ಅಭಿರಾಮನ ಚೌಲಕ್ಕೆ ದಿನ ಗೊತ್ತಾದಾಗಿನಿಂದ ನನಗೆ ಇದೊಂದೇ ಯೋಚನೆ. ಹೊಸ ಬ್ಲೇಡು ಸಾಕು ಎಂದರೆ ಅತ್ತೆ ತುಳಸಮ್ಮ ಕೇಳಲಿಲ್ಲ. ನನ್ನ ಗಂಡನ ಚೌಲಕ್ಕೆ ಬಳಸಿದ್ದ ಕತ್ತಿಯನ್ನೇ ಮಲ್ಲೇಶ್ವರದಿಂದ ಕಳಿಸಿದರು. "ನಗರ್ತಪೇಟೆ ದೊಡ್ಡಬೈರಪ್ಪನ ಹತ್ರಾನೇ ಸಾಣೆ ಹಿಡಿಸು. ಮುತ್ತೈದೆ ಇರೋ ಮನೆ, ಶುಭಕ್ಕೆ ಒಳ್ಳೇದು."

ಅಂಗಡಿ ಎಂದರೆ ಒಂದು ಕಟ್ಟೆ, ಒಂದು ಸಾಣೆಕಲ್ಲು, ಹಿಂದೆ ಗೋಣಿಪರದೆ. ಹಣೆ ತುಂಬ ಕುಂಕುಮ, ಕೈಗೆ ಹಸಿರು ಬಳೆ, ಬೈರಪ್ಪನ ಹೆಂಡತಿ ಅಂಜಮ್ಮ ಕೂತಿದ್ದರು.

"ಬೈರಪ್ಪನವರು?"

"ಊಟಕ್ಕೋಗವ್ರೆ. ಕೊಡಿ ಇಲ್ಲಿ."

ಗಂಡನ ಚೌಲದ ಕತ್ತಿ, ಈಗ ಮಗನಿಗೆಂದು ಅತ್ತೆ ಕಳಿಸಿದ್ದಾರೆ ಎಂದು ಹೇಳಿ ಕೊಟ್ಟೆ. ಕಲ್ಲಿಗೆ ಎಣ್ಣೆ ಬಿಟ್ಟು ಮಸೆಯುತ್ತಾ ಮಾತಿಗಿಳಿದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಅತ್ತೆ ಈ ಪರದೆಯ ಹಿಂದೆ ಕೂರಿಸಿ ಕೆಲಸ ಕಲಿಸಿದರಂತೆ. ಗಂಡಸರು ಉಕ್ಕು ಬಡಿಯುವುದು, ಹೆಂಗಸರು ಮಸೆದು ಹರಿತ ಮಾಡುವುದು. ಕತ್ತಿಯ ಮೇಲಿನ ಮುದ್ರೆ ಮಾತ್ರ ಗಂಡನ ಹೆಸರಿನದು.

"ಹೆಂಗಸ್ರು ಮಸೆದಿದ್ದು ಅಂದ್ರೆ ಕ್ಷೌರದೋರು ಮುಟ್ತಿರ್ಲಿಲ್ಲ ತಾಯಿ. ಗಡ್ಡ ಮಾತ್ರ ಅದ್ರಲ್ಲೇ ನುಣ್ಣಗಾಗ್ತಿತ್ತು!"

ನಗುತ್ತಲೇ ಕತ್ತಿಯನ್ನು ತಮ್ಮ ಮುಂಗೈ ಮೇಲೆ ಎಳೆದರು. ಮುಂಗೈ ತುಂಬ ಹಳೆಯ ಗೀರುಗಳು.

"ಮಗೀನ ತಲೆಗಿಂತ ಮುಂಚೆ ನನ್ ಕೈ."

ಹೊರಡುವಾಗ, ಅತ್ತೆ ಹೇಳಿದ್ದಂತೆ ಎಲೆಯಡಿಕೆ, ಅರಿಶಿನ-ಕುಂಕುಮ ಕೊಡಲು ಹೋದೆ. ಅಂಜಮ್ಮ ಕೈ ಹಿಂದಕ್ಕೆಳೆದುಕೊಂಡರು.

"ಮಗೀನ ತಾಯಿ ನೀವು. ಸುಳ್ಳು ಹೇಳ್ಕೊಂಡು ನಿಮ್ ಕೈಯಿಂದ ಇಸ್ಕೊಳ್ಳಾಕಾಗಲ್ಲ."

ಪರದೆ ಸರಿಸಿದರು. ಗೋಡೆಯ ಮೇಲೆ ಬೈರಪ್ಪ. ಪಟಕ್ಕೆ ಹಾರ.

"ಮತ್ತೆ ಈ ಕುಂಕುಮ?"

"ಅಳಿಸ್ಕೊಂಡ್ರೆ ಚೌಲದ ಕತ್ತಿ ಯಾರು ತರ್ತಾರೆ? ಮಿಕ್ಕ ಗಿರಾಕಿಗಳ್ನ ಬ್ಲೇಡು ಕಿತ್ಕೊಂತು. ನಿಮ್ ಯಜಮಾನ್ರ ಚೌಲಕ್ಕೂ ಮಸೆದಿದ್ದು ನಾನೇ. ಆಗ ಇವ್ರು ಮುಂದೆ ಕೂತಿದ್ರು, ಅಷ್ಟೇ ವ್ಯತ್ಯಾಸ. ನಿಮ್ಮತ್ತೇಗೆ ಹೇಳೋದು ಬಿಡೋದು ನಿಮ್ಗೆ ಬಿಟ್ಟಿದ್ದು."

ಬಸವನಗುಡಿಯವರೆಗೂ ಬಸ್ಸಿನಲ್ಲಿ ವಿಧವೆ ಮಸೆದ ಕತ್ತಿ ಎಂಬುದೇ ತಲೆಯಲ್ಲಿ. ಶಕುನ-ಗಿಕುನ ನಂಬುವುದಿಲ್ಲ ಎನ್ನುತ್ತಿದ್ದವಳು ನಾನು! ಹೇಳಿದರೆ ಅತ್ತೆಯ ಬಳಗಕ್ಕೆಲ್ಲ ಸುದ್ದಿ ಹೋಗಿ ಅಂಜಮ್ಮನ ಅನ್ನಕ್ಕೆ ಕಲ್ಲು. ಹೇಳದೆ, ನಾಳೆ ಮಗುವಿಗೆ ಏನಾದರೂ ಆದರೆ?

ಅಭಿರಾಮ ಮಲಗಿದ್ದ. ಅವನ ನೆತ್ತಿ ಸವರಿದೆ. ಗೀರು ಬಿದ್ದ ಆ ಮುಂಗೈ ಕಣ್ಣಮುಂದೆ ಬಂತು. ಎದ್ದು ಮಲ್ಲೇಶ್ವರಕ್ಕೆ ಫೋನ್ ಮಾಡಿದೆ.

"ಬೈರಪ್ಪ ಸಿಕ್ಕಿದ್ನೇನೇ?" ಅತ್ತೆ ಕೇಳಿದರು.

"ಊಟಕ್ಕೆ ಹೋಗಿದ್ರು ಅತ್ತೆ," ಎಂದೆ. "ಅಂಜಮ್ಮನವರೇ ಸಾಣೆ ಹಿಡಿದುಕೊಟ್ರು. ತುಂಬ ಚೆನ್ನಾಗಿ ಬಂದಿದೆ."